ಅಥಣಿಯ ಕಾಲ್ಮರಿಗೆ ಮಿಲಾನಿನ ಬೆಲೆ ಹೇಗೆ ಬಂತು?

2025ರ ಜೂನ್ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಮುಂದಿನ ವರ್ಷದ ಬೇಸಿಗೆಗೆಂದು ಗಂಡಸರ ಉಡುಪುಗಳನ್ನು ತೋರಿಸಿತು. ರ‍್ಯಾಂಪ್ ಮೇಲೆ ನಡೆದು ಬಂದ ಕೆಲವು ಹುಡುಗರ ಕಾಲಲ್ಲಿ ಚರ್ಮದ ಚಪ್ಪಲಿ ಇತ್ತು. ಚಪ್ಪಟೆ ಅಟ್ಟೆ, ಹೆಬ್ಬೆರಳಿಗೊಂದು ಉಂಗುರ, ಪಾದದ ಮೇಲೆ ಹೆಣೆದ ಪಟ್ಟಿ. ಬೆಳಗಾವಿ ಕಡೆಯವರು ಯಾರೇ ನೋಡಿದ್ದರೂ ಇದು ಕೊಲ್ಹಾಪುರಿ ಚಪ್ಪಲಿ, ನಮ್ಮ ಕಾಲ್ಮರಿ ಎಂದು ಕೂಡಲೇ ಗುರುತು ಹಿಡಿಯುತ್ತಿದ್ದರು. ಕಂಪನಿ ಕೊಟ್ಟ ವಿವರದಲ್ಲಿ ಮಾತ್ರ ಅದು ಬರೀ ‘ಚರ್ಮದ ಸ್ಯಾಂಡಲ್’. ಕೊಲ್ಹಾಪುರದ ಹೆಸರಿಲ್ಲ, ಅಥಣಿಯ ಹೆಸರಿಲ್ಲ, ಭಾರತದ ಹೆಸರೂ ಇಲ್ಲ.

ಆಮೇಲೆ ನಡೆದದ್ದು ಬಹಳ ಜನರಿಗೆ ನೆನಪಿರಬಹುದು. ಸೋಷಿಯಲ್ ಮೀಡಿಯಾದಲ್ಲಿ ಗಲಾಟೆ ಎದ್ದಿತು. ಬೆಲೆ ಒಂದು ಲಕ್ಷ ದಾಟುತ್ತದಂತೆ ಎಂಬ ಸುದ್ದಿ ಪೇಪರು, ಟಿವಿಗಳಲ್ಲಿ ಓಡಾಡಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪ್ರಾಡಾಗೆ ಪತ್ರ ಬರೆಯಿತು. ಮಾಲೀಕರ ಮಗ ಲೊರೆಂಜೊ ಬೆರ್ಟೆಲ್ಲಿ ಉತ್ತರ ಬರೆದು, ಭಾರತದ ಕೈಕಸುಬಿನ ಪಾದರಕ್ಷೆಯೇ ಇದಕ್ಕೆ ಪ್ರೇರಣೆ ಎಂದು ಒಪ್ಪಿಕೊಂಡರು. ಜುಲೈನಲ್ಲಿ ಕಂಪನಿಯ ತಂಡ ಕೊಲ್ಹಾಪುರಕ್ಕೇ ಬಂದುಹೋಯಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವೂ ಆಯಿತು. ಕರ್ನಾಟಕದ ಪಾಲಿಗೆ ಆ ನಿಗಮ ನಮ್ಮ ಲಿಡ್ಕರ್.

‘ನಮ್ಮದನ್ನು ಕದ್ದರು, ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರು’ ಎಂದು ಇದನ್ನು ಒಂದು ಸಾಲಲ್ಲಿ ಮುಗಿಸಿಬಿಡಬಹುದು. ಆಗ ಕೇಳಬೇಕಾದ ಪ್ರಶ್ನೆಗಳೆಲ್ಲ ಹಾಗೇ ಉಳಿದುಬಿಡುತ್ತವೆ. ಊರಲ್ಲಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ವಸ್ತು ಮಿಲಾನಿಗೆ ಹೋದ ತಕ್ಷಣ ಅಷ್ಟು ದುಬಾರಿ ಆಗುವುದು ಹೇಗೆ? ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದ್ದೂ ನಮ್ಮ ಕಾನೂನು ಯಾಕೆ ಸುಮ್ಮನೆ ಕೂತಿತು? ‘ನಮ್ಮ ಸಂಸ್ಕೃತಿ’ ಎಂದು ಕೂಗಿದವರಲ್ಲಿ ಆ ‘ನಾವು’ ಯಾರು?

ಫ್ಯಾಷನ್ ಎರಡು ಕೆಲಸಗಳನ್ನು ಒಟ್ಟಿಗೇ ಮಾಡುತ್ತದೆ. ಯಾವುದು ಚೆಂದ, ಯಾರು ದೊಡ್ಡವರು, ಯಾರು ನಮ್ಮವರು ಎಂದು ಮಾತಿಲ್ಲದೇ ಹೇಳುತ್ತದೆ. ಹಾಗೆ ಹೇಳಿದ್ದನ್ನೇ ಮಾರಿ ದುಡ್ಡು ಮಾಡುತ್ತದೆ. ಮೊದಲನೆಯದನ್ನು ಸಂಸ್ಕೃತಿ ಎನ್ನುತ್ತೇವೆ, ಎರಡನೆಯದನ್ನು ಉದ್ಯಮ ಎನ್ನುತ್ತೇವೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ನನಗೆ ಕಾಣುವಂತೆ ಎರಡನ್ನೂ ಜೋಡಿಸುವುದು ಹೆಸರು. ವಸ್ತುವಿನ ಮೇಲೆ ಯಾರ ಹೆಸರು ಕೂರುತ್ತದೋ, ದುಡ್ಡು ಅವರ ಕಡೆ ಹರಿಯುತ್ತದೆ.

ರ‍್ಯಾಂಪ್ ಮೇಲೆ ಏನನ್ನು ಮಾರುತ್ತಾರೆ

ಫ್ಯಾಷನ್ ಶೋ ಬಟ್ಟೆ ಅಂಗಡಿಯ ಜಾಹೀರಾತು ಎಂದುಕೊಂಡಿರುತ್ತೇವೆ. ಅಲ್ಲಿ ತೋರಿಸಿದ್ದರಲ್ಲಿ ಎಷ್ಟೋ ಉಡುಪು ಅಂಗಡಿಗೆ ಬರುವುದೇ ಇಲ್ಲ. ಆ ಚಪ್ಪಲಿಯ ಬಗ್ಗೆಯೂ ಕಂಪನಿ ಹೇಳಿದ್ದು ಅದೇ: ಇದಿನ್ನೂ ವಿನ್ಯಾಸದ ಹಂತದಲ್ಲಿದೆ, ತಯಾರಿಸುವುದು ನಿಕ್ಕಿಯಾಗಿಲ್ಲ ಎಂದು. ಶೋ ಕೆಲಸ ಬೇರೆ. ಪ್ರಾಡಾ ಅಂದರೆ ಹೊಸದು, ಜಾಣತನದ್ದು, ಎಲ್ಲರಿಗೂ ಸಿಗದ್ದು ಎಂಬ ನಂಬಿಕೆಯನ್ನು ವರ್ಷಕ್ಕೆ ಕೆಲವು ಸಲ ಹೊಸದಾಗಿ ಹುಟ್ಟಿಸುವುದು. ಆ ನಂಬಿಕೆ ಬ್ಯಾಗು, ಬೂಟು, ಕನ್ನಡಕ, ಸೆಂಟಿನ ಬಾಟಲಿಯ ರೂಪದಲ್ಲಿ ಮಾರಾಟವಾಗುತ್ತದೆ.

ಸೆಂಟಿನ ಉದಾಹರಣೆಯನ್ನೇ ನೋಡಿ. ಪ್ರಾಡಾ ಹೆಸರಿನ ಸೆಂಟನ್ನು 2021ರಿಂದ ಲೈಸೆನ್ಸ್ ಪಡೆದು ತಯಾರಿಸಿ ಮಾರುತ್ತಿರುವುದು ಫ್ರಾನ್ಸಿನ ಲೊರಿಯಾಲ್. ಕನ್ನಡಕ ಮಾಡುವುದು ಲುಕ್ಸಾಟಿಕಾ. ಪ್ರಾಡಾದವರು ಕೊಡುವುದು ಮುಖ್ಯವಾಗಿ ತಮ್ಮ ಹೆಸರು. ಹೆಸರನ್ನು ಬಾಡಿಗೆಗೆ ಬಿಟ್ಟು ಗಳಿಸುವ ವ್ಯಾಪಾರ ಇದು. 2025ರಲ್ಲಿ ಇದೇ ಕಂಪನಿ ಇಟಲಿಯ ಇನ್ನೊಂದು ಫ್ಯಾಷನ್ ಕಂಪನಿ ವರ್ಸಾಚೆಯನ್ನು ಸುಮಾರು 125 ಕೋಟಿ ಯೂರೊ ಕೊಟ್ಟು ಕೊಂಡಿತು. ಆ ಮೊತ್ತದಲ್ಲಿ ಅಂಗಡಿ, ಸರಕು, ಯಂತ್ರಗಳ ಬೆಲೆ ಇಲ್ಲವೆಂದಲ್ಲ. ಆದರೆ ಹೆಚ್ಚು ತೂಕ ಇರುವುದು ಆ ಒಂದು ಹೆಸರಿಗೆ.

ಪ್ರಾಡಾ ಹುಟ್ಟಿದ್ದೂ ಚರ್ಮದಿಂದಲೇ. 1913ರಲ್ಲಿ ಮಾರಿಯೊ ಪ್ರಾಡಾ ಮಿಲಾನಿನಲ್ಲಿ ತೆರೆದದ್ದು ಚರ್ಮದ ಸಾಮಾನಿನ ಅಂಗಡಿ. ಅವರ ಮೊಮ್ಮಗಳು ಮಿಯುಚಿಯಾ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಯೌವನದಲ್ಲಿ ಇಟಲಿಯ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಅಂಥವರು ಜಗತ್ತಿನ ಅತಿ ದುಬಾರಿ ಬ್ಯಾಗುಗಳ ಒಡತಿಯಾದದ್ದು ಬೇರೆಯೇ ಕಥೆ. ಅವರಿಗೆ ದೊಡ್ಡ ಹೆಸರು ತಂದವುಗಳಲ್ಲಿ 1984ರ ಕಪ್ಪು ನೈಲಾನ್ ಬ್ಯಾಗ್ ಒಂದು. ನೈಲಾನ್ ಅಂದರೆ ಅಗ್ಗದ ವಸ್ತು. ಅದಕ್ಕೆ ಚಿಕ್ಕದೊಂದು ತ್ರಿಕೋನದ ಲೋಹದ ಫಲಕ ಅಂಟಿಸಿ ಚರ್ಮದ ಬ್ಯಾಗಿನ ಸಾಲಿಗೆ ತಂದು ನಿಲ್ಲಿಸಿದರು. ಅಂದರೆ ಕಡಿಮೆ ಬೆಲೆಯ ವಸ್ತುವನ್ನು ಎತ್ತಿ ಮೇಲೆ ಕೂರಿಸುವುದು ಈ ಕಂಪನಿಗೆ ಹಳೆಯ ವಿದ್ಯೆ. 2025ರಲ್ಲಿ ಅದು ಕೊಲ್ಹಾಪುರಿಯ ಮೇಲೆ ನಡೆಯಿತು ಅಷ್ಟೇ. ಒಂದೇ ವ್ಯತ್ಯಾಸ: ನೈಲಾನಿಗೆ ಊರಿಲ್ಲ, ಕೇಳುವವರಿಲ್ಲ.

ಹೀಗೆ ಬಟ್ಟೆಗೆ ಮಾಡಿದವರ ಹೆಸರು ಅಂಟಿಸುವ ಪದ್ಧತಿ ತೀರಾ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬಾತ 1858ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದ. ಅಲ್ಲಿಯವರೆಗೆ ಸಿರಿವಂತ ಹೆಂಗಸರು ತಮಗೆ ಬೇಕಾದ್ದನ್ನು ಹೇಳುತ್ತಿದ್ದರು, ಟೈಲರ್ ಹೊಲಿದು ಕೊಡುತ್ತಿದ್ದ. ವರ್ತ್ ಅದನ್ನು ತಿರುವುಹಾಕಿದ. ತನಗೆ ತೋಚಿದ್ದನ್ನು ಹೊಲಿದು, ಹುಡುಗಿಯರಿಗೆ ತೊಡಿಸಿ ತೋರಿಸಿ, ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿದ. ಚಿತ್ರಕಾರ ಸಹಿ ಹಾಕಿದ ಹಾಗೆ. ಇವತ್ತಿನ ಫ್ಯಾಷನ್ ಉದ್ಯಮದ ಬುಡ ಆ ಚಿಕ್ಕ ಪಟ್ಟಿ. ಹೊಲಿದ ಕೈಗಳು ನೂರಾರು, ಹೆಸರು ಮಾತ್ರ ಒಂದು.

ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ

ಜರ್ಮನಿಯ ಚಿಂತಕ ಗೇಯೋರ್ಗ್ ಜಿಮ್ಮೆಲ್ ಸುಮಾರು 120 ವರ್ಷದ ಹಿಂದೆಯೇ ಫ್ಯಾಷನ್‌ಗೆ ಒಂದು ಸೂತ್ರ ಕೊಟ್ಟಿದ್ದ. ಮನುಷ್ಯನಿಗೆ ಎಲ್ಲರಂತೆ ಇರಬೇಕು, ಎಲ್ಲರಿಗಿಂತ ಬೇರೆಯೂ ಕಾಣಬೇಕು. ಮೇಲಿನವರು ಏನೋ ಒಂದು ಹಾಕುತ್ತಾರೆ. ಕೆಳಗಿನವರು ಅದನ್ನು ನಕಲು ಮಾಡುತ್ತಾರೆ. ಕೂಡಲೇ ಮೇಲಿನವರು ಅದನ್ನು ಬಿಟ್ಟು ಬೇರೆಯದಕ್ಕೆ ಹೋಗುತ್ತಾರೆ. ಈ ಓಟ ನಿಲ್ಲುವುದೇ ಇಲ್ಲ. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸರು ಕೊಡಗಿನ ಅಧ್ಯಯನದಿಂದ ಶುರುಮಾಡಿ ಜಾತಿಗಳ ಬಗ್ಗೆ ಹೇಳಿದ್ದು ಇದಕ್ಕೆ ಹತ್ತಿರವೇ ಇದೆ. ಕೆಳಗಿನ ಜಾತಿಗಳು ಮೇಲಿನವರ ಊಟ, ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುತ್ತವೆ ಎಂದರು ಅವರು.

ಆದರೆ ಕಳೆದ ನೂರು ವರ್ಷದ ಫ್ಯಾಷನ್ನಿನಲ್ಲಿ ಉಲ್ಟಾ ಹರಿವೂ ಜಾಸ್ತಿಯೇ ಇದೆ. ಜೀನ್ಸ್ ಕೂಲಿಯವರ ಪ್ಯಾಂಟು. ಹರಿಯದಿರಲಿ ಎಂದು ತಾಮ್ರದ ರಿವೆಟ್ ಹೊಡೆಯುವ ಉಪಾಯಕ್ಕೆ ಜೇಕಬ್ ಡೇವಿಸ್ ಮತ್ತು ಲಿವೈ ಸ್ಟ್ರಾಸ್ 1873ರಲ್ಲಿ ಪೇಟೆಂಟ್ ಪಡೆದರು. ಈಗ ಬೇಕಂತಲೇ ಹರಿದ ಜೀನ್ಸ್‌ಗೆ ಜಾಸ್ತಿ ದುಡ್ಡು ಕೊಡುತ್ತೇವೆ. ಕೊಲ್ಹಾಪುರಿಯದೂ ಹಾಗೇ. ರೈತರು, ಕುರಿಗಾಹಿಗಳು, ಪೈಲ್ವಾನರು ಮೆಟ್ಟುತ್ತಿದ್ದ ಚಪ್ಪಲಿ ಅದು. ಅರವತ್ತು ಎಪ್ಪತ್ತರ ದಶಕದಲ್ಲಿ ಹಿಪ್ಪಿಗಳ ಕಾಲಿಗೆ ಏರಿ ಅಮೆರಿಕ, ಯುರೋಪಿಗೆ ಹೋಯಿತು. ಅದೇ ಹೊತ್ತಿಗೆ ಇಲ್ಲಿ ನಮ್ಮ ಕವಿಗಳು, ನಾಟಕದವರು, ಕಾಲೇಜು ಮೇಷ್ಟ್ರುಗಳು ಜುಬ್ಬಾ, ಗಡ್ಡ, ಬಗಲ ಚೀಲದ ಜೊತೆ ಅದನ್ನು ಸೇರಿಸಿಕೊಂಡರು. ಬೂಟು ಹಾಕುವ ಸಾಹೇಬನಲ್ಲ ನಾನು ಎಂದು ಹೇಳಲು ಅದು ಬೇಕಿತ್ತು. ಅದೂ ಫ್ಯಾಷನ್ನೇ, ಅಲ್ವಾ? ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಎರವಲು ಪಡೆಯುವುದೇ ತಪ್ಪು ಎನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಕಲು ಇಲ್ಲದಿದ್ದರೆ ಫ್ಯಾಷನ್ ಎಂಬುದೇ ಇಲ್ಲ. ನಮ್ಮ ಸಲ್ವಾರ್, ಕೋಟು, ರವಿಕೆಯ ಕತ್ತರಿಪು ಎಲ್ಲವೂ ಎಲ್ಲಿಂದಲೋ ಬಂದವು. ನೋಡಬೇಕಾದ್ದು ಎರವಲು ಪಡೆದವರು ಯಾರು, ಮರಳಿ ಏನು ಕೊಟ್ಟರು ಎಂಬುದನ್ನು. ಕಾಶ್ಮೀರದ ಶಾಲಿನ ಮಾವಿನಕಾಯಿ ಚಿತ್ತಾರವನ್ನು ಸ್ಕಾಟ್ಲೆಂಡಿನ ಪೇಯ್ಸ್ಲಿ ಪಟ್ಟಣದ ಮಗ್ಗಗಳು ನಕಲು ಮಾಡಿ ಅಗ್ಗಕ್ಕೆ ಮಾರಿದವು. ಇವತ್ತಿಗೂ ಜಗತ್ತು ಆ ಚಿತ್ತಾರವನ್ನು ಕರೆಯುವುದು ಪೇಯ್ಸ್ಲಿ ಎಂದೇ.

ಯಾರ ಕಸುಬು, ಯಾರ ಹೆಮ್ಮೆ

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕಾಲ್ಮರಿ ಅನ್ನುತ್ತಾರೆ. ಕೊಲ್ಹಾಪುರದ ಪೇಟೆಯಲ್ಲಿ ಸಿಗುವ ಚಪ್ಪಲಿಗಳಲ್ಲಿ ಎಷ್ಟೋ ತಯಾರಾಗುವುದು ಗಡಿಯ ಈಚೆ, ಅಥಣಿ, ನಿಪ್ಪಾಣಿ, ಚಿಕ್ಕೋಡಿ ಕಡೆ. 2019ರಲ್ಲಿ ಜಿಐ ಸಿಕ್ಕಾಗ ಅದರಲ್ಲಿ ಎಂಟು ಜಿಲ್ಲೆಗಳಿದ್ದವು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಆದರೂ ಗಲಾಟೆಯ ವೇಳೆ ಇಡೀ ದೇಶ ಮಾತಾಡಿದ್ದು ಕೊಲ್ಹಾಪುರದ ಬಗ್ಗೆ ಮಾತ್ರ. ಅಥಣಿಯ ಕುಶಲಕರ್ಮಿಗಳನ್ನು ಮರೆಯಬೇಡಿ ಎಂದು ಸಚಿವ ಪ್ರಿಯಾಂಕ್ ಖರ್ಗೆ ಆಗ ನೆನಪಿಸಬೇಕಾಯಿತು. ಪ್ರಾಡಾ ಕೊಲ್ಹಾಪುರದ ಹೆಸರು ನುಂಗಿತು ಎಂದು ಬೈಯುತ್ತಿದ್ದಾಗ, ಕೊಲ್ಹಾಪುರದ ಹೆಸರು ಅಥಣಿಯನ್ನು ನುಂಗಿದ್ದು ಯಾರಿಗೂ ಕಾಣಲಿಲ್ಲ.

ಕೆಲಸ ನಿಧಾನದ್ದು. ಮುಖ್ಯವಾಗಿ ಎಮ್ಮೆ, ಕೋಣದ ತೊಗಲು ಬೇಕು. ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಆ ರಸ ತುಂಬಿ ನೇತುಹಾಕುತ್ತಿದ್ದರು. ಕ್ರೋಮಿಯಂ ಹಾಕಿ ಫ್ಯಾಕ್ಟರಿಯಲ್ಲಿ ಬೇಗ ಮುಗಿಸುವ ಕೆಲಸ ಇದಲ್ಲ. ಆಮೇಲೆ ರಂಪಿಗೆ, ಉಳಿ ಹಿಡಿದು ಕತ್ತರಿಸಿ, ಮೊಳೆ ಬಳಸದೆ ಚರ್ಮದ ದಾರದಲ್ಲೇ ಹೊಲಿಯುವುದು. ಅಟ್ಟೆ ಕತ್ತರಿಸಿ ಬಡಿಯುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಪಟ್ಟಿ ಹೆಣೆಯುವುದು, ಗೊಂಡೆ ಕಟ್ಟುವುದು, ಸೂಕ್ಷ್ಮ ಹೊಲಿಗೆ ಹೆಂಗಸರದು. ಕಪಶಿ, ಪಾಯತಾನ, ಕಚಕಡಿ, ಬಕ್ಕಲನಾಳಿ, ಪುಕಾರಿ ಹೀಗೆ ಬೇರೆ ಬೇರೆ ಮಾದರಿಗಳಿವೆ. ಹೊಸದರಲ್ಲಿ ಕಾಲು ಕಚ್ಚುತ್ತದೆ, ಎಣ್ಣೆ ಹಚ್ಚಿ ಪಳಗಿಸಬೇಕು. ಒಮ್ಮೆ ಪಳಗಿತೆಂದರೆ ಬಹಳ ವರ್ಷ ಬಾಳುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ.

ಇದನ್ನು ಮಾಡುವವರು ಬಹುಪಾಲು ಸಮಗಾರರು, ಡೋರರು, ಗಡಿಯಾಚೆ ಚಮ್ಮಾರರು. ಎಲ್ಲರೂ ದಲಿತರು. ‘ನಮ್ಮ ಸಂಸ್ಕೃತಿಯನ್ನು ಕದ್ದರು’ ಎಂಬ ಕೂಗಿನಲ್ಲಿ ನನಗೆ ಇರಿಸುಮುರಿಸಾಗುವುದು ಇಲ್ಲಿ. ಚಪ್ಪಲಿ ಮಾಡಿದವನೇ ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಊರುಗಳು ನಮ್ಮವು. ತೊಗಲು ಮುಟ್ಟುತ್ತಾರೆ ಎಂದು ಅವರನ್ನು ಊರ ಹೊರಗಿಟ್ಟೆವು. ಅವರ ಕೈಕೆಲಸವನ್ನು ಮಾತ್ರ ಒಳಗೆ ತಂದುಕೊಂಡೆವು. ಮಿಲಾನಿನಲ್ಲಿ ಹೆಸರು ಹೇಳಲಿಲ್ಲ ಎಂದು ಕೋಪ ಬಂದವರಿಗೆ, ತಮ್ಮ ಊರಿನಲ್ಲಿ ಆ ಕಸುಬಿನವರ ಹೆಸರು ಗೊತ್ತಿತ್ತಾ?

ಇದೇ ನೆಲದ ಹನ್ನೆರಡನೇ ಶತಮಾನದ ಕಥೆಯೊಂದಿದೆ. ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಸಮಗಾರ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದರಂತೆ. ಒಂದು ನಮಸ್ಕಾರ ಸಾಲವಾಗಿ ಉಳಿಯಿತಲ್ಲ ಎಂದು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರಂತೆ. ಅದನ್ನು ಮೆಟ್ಟಲು ಬಸವಣ್ಣ ಒಪ್ಪಲಿಲ್ಲ, ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಕಥೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕೆ ಬಿಜ್ಜಳನ ಆಳ್ವಿಕೆ ಕೊಟ್ಟ ಎಳೆಹೂಟೆ ಶಿಕ್ಷೆಯಿಂದ ಕಲ್ಯಾಣ ಹೊತ್ತಿ ಉರಿಯಿತು. ಒಂದು ಜೊತೆ ಚಪ್ಪಲಿ ಯಾರ ಕಾಲಿಗೆ, ಯಾರ ತಲೆಗೆ ಎಂಬುದು ಇಲ್ಲಿ ಯಾವತ್ತೂ ಬರೀ ಅಲಂಕಾರದ ಮಾತಾಗಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಈ ಕಸುಬಿಗೆ ಬೆನ್ನು ತಟ್ಟಿದ್ದನ್ನೂ ಹೀಗೇ ನೋಡಬೇಕು. 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಅರ್ಧ ಪಾಲು ಮೀಸಲಿಟ್ಟ ದೊರೆ ಅವರು.

ಕಾನೂನು ಕಾಯುವುದು ಹೆಸರನ್ನು, ಆಕಾರವನ್ನಲ್ಲ

ಜಿಐ ಇದ್ದರೂ ಪ್ರಾಡಾ ಮೇಲೆ ಯಾಕೆ ಕೇಸು ನಿಲ್ಲಲಿಲ್ಲ ಎಂದು ಬಹಳ ಜನ ಕೇಳಿದರು. ಉತ್ತರ ಸರಳ, ಆದರೆ ಕಹಿ. ಭಾರತದ ಜಿಐ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಆ ಎಂಟು ಜಿಲ್ಲೆಗಳ ಹೊರಗೆ ಮಾಡಿದ ಚಪ್ಪಲಿಯನ್ನು ‘ಕೊಲ್ಹಾಪುರಿ’ ಎಂದು ಕರೆದು ಮಾರಬೇಡಿ ಎನ್ನುತ್ತದೆ ಅದು. ಅಂಥದೇ ಚಪ್ಪಲಿ ಮಾಡಿ ಬೇರೆ ಹೆಸರಿಟ್ಟರೆ ಅದು ತಡೆಯುವುದು ಕಷ್ಟ. ಪ್ರಾಡಾ ‘ಕೊಲ್ಹಾಪುರಿ’ ಅನ್ನಲೇ ಇಲ್ಲವಲ್ಲ! ಹೆಸರು ಹೇಳದ್ದು ನಮ್ಮ ಕಣ್ಣಿಗೆ ಅವಮಾನ. ಕಾನೂನಿನ ಕಣ್ಣಿಗೆ ಅದೇ ರಕ್ಷಣೆ. ಅದೂ ಅಲ್ಲದೆ ನಮ್ಮ ಕಾಯ್ದೆ ನಮ್ಮ ಗಡಿಯೊಳಗಿನದು. ಇಟಲಿಯಲ್ಲಿ ನಡೆದದ್ದನ್ನು ತಡೆಯಲು ಅಲ್ಲೂ ನೋಂದಣಿ ಬೇಕು.

ವಿನ್ಯಾಸದ ಕಾಯ್ದೆಯೂ ಕೈ ಕೊಡುತ್ತದೆ. 2000ನೇ ಇಸವಿಯ ಆ ಕಾಯ್ದೆ ಕಾಯುವುದು ಹೊಸ ವಿನ್ಯಾಸವನ್ನು, ಅದೂ ಹೆಚ್ಚೆಂದರೆ 15 ವರ್ಷ. ಶತಮಾನಗಳ ಹಳೆಯ ಚಪ್ಪಲಿ ಹೊಸದು ಹೇಗಾಗುತ್ತದೆ? ಕಾಪಿರೈಟ್‌ಗೆ ಒಬ್ಬ ಕರ್ತೃ ಬೇಕು. ಒಂದಿಡೀ ಸಮುದಾಯ ತಲೆಮಾರುಗಳಿಂದ ಮಾಡುತ್ತಾ ಬಂದದ್ದಕ್ಕೆ ಕರ್ತೃ ಎಂದು ಯಾರ ಸಹಿ ಹಾಕಿಸುವುದು? ವರ್ತ್ ಸಾಹೇಬನ ಪಟ್ಟಿಯ ಸುತ್ತ ಬೆಳೆದ ಕಾನೂನು ಒಬ್ಬ ವ್ಯಕ್ತಿ, ಒಂದು ಕಂಪನಿಗೆ ಹೊಂದುತ್ತದೆ. ಸಮಗಾರರ ಓಣಿಗೆ ಹೊಂದುವುದಿಲ್ಲ. ಸಮುದಾಯಗಳ ಸಾಂಪ್ರದಾಯಿಕ ಕಲೆಗೆ ಅಂತರರಾಷ್ಟ್ರೀಯ ಒಪ್ಪಂದ ಬೇಕೆಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ 2000ನೇ ಇಸವಿಯಲ್ಲೇ ಸಮಿತಿ ರಚನೆಯಾಯಿತು. ಮಾತುಕತೆ ನಡೆಯುತ್ತಲೇ ಇದೆ.

ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಜುಲೈನಲ್ಲಿ ವಜಾ ಆಯಿತು. ಜಿಐ ಉಲ್ಲಂಘನೆಯಾಗಿದ್ದರೆ ಅದರ ನೋಂದಾಯಿತ ಒಡೆಯರು ಬರಲಿ, ಅರ್ಜಿ ಹಾಕಿದ ನೀವು ಯಾರು ಎಂಬುದು ನ್ಯಾಯಾಲಯದ ಮಾತಿನ ತಾತ್ಪರ್ಯ. ನೋಂದಾಯಿತ ಒಡೆಯರು ಅಂದರೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳು. ಮಾಡುವವರ ಹೆಸರಿನ ಹಕ್ಕೂ ಅಧಿಕಾರಿಗಳ ಕಚೇರಿಯಲ್ಲಿದೆ ಎಂದಾಯಿತು.

ಇದರಲ್ಲೊಂದು ತಮಾಷೆ ಇದೆ. ಊರಿನ ಹೆಸರನ್ನು ಕಾಪಾಡುವುದರಲ್ಲಿ ಇಟಲಿಯವರನ್ನು ಮೀರಿಸಿದವರಿಲ್ಲ. ಪಾರ್ಮ ಪ್ರದೇಶದ ಚೀಸ್ ಹೆಸರಿನ ವಿವಾದ ಯುರೋಪಿನ ನ್ಯಾಯಾಲಯಕ್ಕೇ ಹೋಗಿತ್ತು. ‘ಪಾರ್ಮೆಸಾನ್’ ಎಂಬ ಬೇರೆ ಭಾಷೆಯ ರೂಪವೂ ಆ ಸಂರಕ್ಷಿತ ಹೆಸರನ್ನೇ ನೆನಪಿಸುತ್ತದೆ ಎಂದು 2008ರಲ್ಲಿ ತೀರ್ಪು ಬಂತು. ಚೀಸ್‌ಗೆ ಊರಿದೆ ಎಂದು ಗೊತ್ತಿರುವವರಿಗೆ ಚಪ್ಪಲಿಗೂ ಊರಿರಬಹುದು ಎಂದು ಹೊಳೆಯದೇ ಹೋಯಿತು.

ಈ ಜಗಳ ನಮ್ಮದೊಂದೇ ಅಲ್ಲ. ಪ್ರಾಡಾ ಗಲಾಟೆಯಾದ ಎರಡೇ ತಿಂಗಳಲ್ಲಿ, 2025ರ ಆಗಸ್ಟ್‌ನಲ್ಲಿ, ಮೆಕ್ಸಿಕೊದಲ್ಲೂ ಇಂಥದೇ ಆಯಿತು. ಅಡಿಡಾಸ್‌ಗಾಗಿ ಅಮೆರಿಕದ ವಿನ್ಯಾಸಕ ವಿಲ್ಲಿ ಚವಾರಿಯಾ ಮಾಡಿದ ಪಾದರಕ್ಷೆ, ಒಹಾಕಾ ಪ್ರಾಂತ್ಯದ ಯಲಾಲಗ್ ಎಂಬ ಮೂಲನಿವಾಸಿಗಳ ಊರಿನ ಹೆಣೆದ ಚಪ್ಪಲಿಯಂತೆಯೇ ಇತ್ತು. ಅಲ್ಲಿನ ಸರ್ಕಾರ ಗಟ್ಟಿಯಾಗಿ ಕೇಳಿತು. ಅಡಿಡಾಸ್ ಪ್ರತಿನಿಧಿಗಳು ಆ ಊರಿಗೇ ಹೋಗಿ ಜನರೆದುರು ಕ್ಷಮೆ ಕೇಳಿದರು. ಮೂಲನಿವಾಸಿ ಸಮುದಾಯಗಳ ಕಲೆಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದು ಎನ್ನುವ ಕಾನೂನನ್ನು ಮೆಕ್ಸಿಕೊ 2022ರಲ್ಲೇ ತಂದಿದೆ. ಹೊರಗಿನ ಕಂಪನಿಗೆ ಅದು ಎಷ್ಟು ತಟ್ಟುತ್ತದೆ ಎಂಬುದು ಬೇರೆ ಮಾತು. ಆದರೆ ಅಲ್ಲಿ ಹಕ್ಕು ಸಮುದಾಯದ ಹೆಸರಲ್ಲಿದೆ. ನಮ್ಮಲ್ಲಿ ನಿಗಮದ ಹೆಸರಲ್ಲಿದೆ.

2,000 ಜೊತೆಯ ಲೆಕ್ಕ

ಹಾಗಿದ್ದರೆ ಪ್ರಾಡಾ ಯಾಕೆ ಬಗ್ಗಿತು? ಕಾನೂನಿನ ಭಯದಿಂದ ಅಲ್ಲ. ತನ್ನ ಹೆಸರಿಗೆ ಮಸಿ ಬಳಿದಂತಾದರೆ ವ್ಯಾಪಾರವೇ ಅಲುಗಾಡುತ್ತದೆ ಎಂಬ ಭಯದಿಂದ. ಹೆಸರು ಮಾರಿ ಬದುಕುವ ಕಂಪನಿಗೆ ಕೋರ್ಟ್ ನೋಟಿಸಿಗಿಂತ ‘ಕದ್ದವರು’ ಎಂಬ ಮಾತೇ ದೊಡ್ಡ ಪೆಟ್ಟು. ಕಾನೂನು ಮಾಡದ ಕೆಲಸವನ್ನು ಜನರ ಸಿಟ್ಟು ಮಾಡಿತು.

ಡಿಸೆಂಬರ್ 2025ರಲ್ಲಿ ಪ್ರಕಟವಾದ ಪ್ರಕಾರ ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೊತೆ ಚಪ್ಪಲಿ ತಯಾರಾಗಬೇಕು. ಒಂದು ಜೊತೆಗೆ ಸುಮಾರು 800 ಯೂರೊ. 2026ರ ಫೆಬ್ರವರಿಯಿಂದ ಜಗತ್ತಿನ 40 ಪ್ರಾಡಾ ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಮಾರಾಟ ಎಂದು ಹೇಳಲಾಯಿತು. ಜೊತೆಗೆ ಮೂರು ವರ್ಷ ಕುಶಲಕರ್ಮಿಗಳಿಗೆ ತರಬೇತಿ, ಕೆಲವರಿಗೆ ಇಟಲಿಯಲ್ಲಿ ಕಲಿಯುವ ಅವಕಾಶ.

ಒಂದು ಗುಣಾಕಾರ ಮಾಡೋಣ. 2,000 ಜೊತೆಗೆ 800 ಯೂರೊ ಅಂದರೆ ಒಟ್ಟು 16 ಲಕ್ಷ ಯೂರೊ. ನಮ್ಮ ದುಡ್ಡಲ್ಲಿ 16-17 ಕೋಟಿ ರೂಪಾಯಿ. ಅಥಣಿಯಲ್ಲಿ ಕೂತು ನೋಡಿದರೆ ಬಹಳ ದೊಡ್ಡ ಮೊತ್ತ. ಪ್ರಾಡಾ ಗುಂಪಿನ 2024ರ ವಹಿವಾಟು 540 ಕೋಟಿ ಯೂರೊಗಿಂತ ಹೆಚ್ಚು. ಅದರ ಪಕ್ಕದಲ್ಲಿಟ್ಟರೆ ಈ ಚಪ್ಪಲಿ ಹತ್ತು ಸಾವಿರದಲ್ಲಿ ಮೂರು ಪಾಲು. ಲಾಭಕ್ಕೆ ಮಾಡಿದ ವ್ಯಾಪಾರದಂತೆ ಇದು ಕಾಣುವುದಿಲ್ಲ. ಪ್ರಾಡಾಗೆ ಇದರಿಂದ ಸಿಗುವುದು ಒಂದು ಒಳ್ಳೆಯ ಕಥೆ. ತಪ್ಪು ತಿದ್ದಿಕೊಂಡೆವು, ಕೈಕಸುಬಿಗೆ ಗೌರವ ಕೊಟ್ಟೆವು ಎಂಬ ಕಥೆ. ಐಷಾರಾಮಿ ಮಾರುಕಟ್ಟೆಯಲ್ಲಿ ಅಂಥ ಕಥೆಗೆ ಈಗ ಒಳ್ಳೆಯ ಬೆಲೆ ಇದೆ.

ಯೋಜನೆಯ ಹೆಸರನ್ನೂ ಗಮನಿಸಿ. ಮೊದಲು ‘ಪ್ರಾಡಾ’, ಆಮೇಲೆ ‘ಮೇಡ್ ಇನ್ ಇಂಡಿಯಾ’, ಕೊನೆಯಲ್ಲಿ ‘ಕೊಲ್ಹಾಪುರಿ ಚಪ್ಪಲಿಯಿಂದ ಪ್ರೇರಿತ’. ಕೊಲ್ಹಾಪುರಿ ಮಾಡುವವರ ನಾಡಿನಲ್ಲೇ ಮಾಡಿಸಿದ ಚಪ್ಪಲಿ ಕೊಲ್ಹಾಪುರಿಯಿಂದ ‘ಪ್ರೇರಿತ’ ಹೇಗಾಗುತ್ತದೋ! ಅಥಣಿ ಇಲ್ಲಿಯೂ ಇಲ್ಲ.

ಇಷ್ಟಾದರೂ ಈ ಒಪ್ಪಂದವನ್ನು ನಾನು ತಳ್ಳಿಹಾಕುವುದಿಲ್ಲ. 800 ಯೂರೊ ಎಂಬ ಸಂಖ್ಯೆ ಒಂದು ಉಪಕಾರ ಮಾಡಿದೆ. ‘ಎಷ್ಟಪ್ಪಾ, ಏಳ್ನೂರಾ? ಐನೂರಕ್ಕೆ ಕೊಡು’ ಎಂದು ಚೌಕಾಸಿ ಮಾಡುತ್ತಿದ್ದ ಗಿರಾಕಿ ಈಗ ಸ್ವಲ್ಪ ಯೋಚಿಸುತ್ತಾನೆ. ಫ್ಯಾಷನ್ನಿನ ಸಾಂಸ್ಕೃತಿಕ ಬಲ ಅಂದರೆ ಇದೇ. ಹೊರಗಿನವರು ಚೆಂದ ಅಂದ ಮೇಲೆ ನಮಗೂ ಚೆಂದ ಕಾಣುವುದು ಬೇಸರದ ಸಂಗತಿ. ಆದರೂ ನಿಜ.

ಬೆಂಗಳೂರಿನ ಇನ್ನೊಂದು ಮುಖ

ಕರ್ನಾಟಕಕ್ಕೆ ಫ್ಯಾಷನ್ ಉದ್ಯಮದ ಪರಿಚಯ ಅಥಣಿಗಿಂತ ಜಾಸ್ತಿ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಆಗಿದೆ. ಅಲ್ಲಿ ಲೆಕ್ಕ ತಿರುಗುಮುರುಗು. ಅಥಣಿಯಿಂದ ವಿನ್ಯಾಸ ಹೊರಗೆ ಹೋಯಿತು, ಹೆಸರು ಅವರದಾಯಿತು. ಬೆಂಗಳೂರಿಗೆ ವಿನ್ಯಾಸ, ಹೆಸರು ಎರಡೂ ಹೊರಗಿನಿಂದ ಬರುತ್ತವೆ, ನಾವು ಹೊಲಿಯುತ್ತೇವೆ. ಎರಡೂ ಕಡೆ ನಮ್ಮಲ್ಲಿ ಉಳಿಯುವುದು ಕೂಲಿ.

ಆ ಕೂಲಿಯವರು ಬಹುತೇಕ ಹೆಣ್ಣುಮಕ್ಕಳು. ಹಾಸನ, ಮಂಡ್ಯ, ತುಮಕೂರು ಕಡೆಯವರು, ಈಗೀಗ ಒಡಿಶಾ, ಜಾರ್ಖಂಡ್‌ನವರು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ಮೇಲೆ ಸೂಪರ್‌ವೈಸರನ ಬೈಗುಳ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಪೂರ್ತಿ ತೆಗೆಯಲು 58 ವರ್ಷವಾಗಬೇಕು ಎಂಬ ಹೊಸ ನಿಯಮದ ವಿರುದ್ಧ ಇವರು ಹೊಸೂರು ರಸ್ತೆಗೆ ಇಳಿದರು. ದೊಡ್ಡ ನಾಯಕರು ಕರೆ ಕೊಟ್ಟಿರಲಿಲ್ಲ. ಎರಡು ದಿನ ಬೆಂಗಳೂರು ಸ್ತಬ್ಧವಾಯಿತು, ಕೇಂದ್ರ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಹೊಲಿಯುವವರು ಫ್ಯಾಷನ್ನಿನ ಸುದ್ದಿಯಾಗುವುದು ಹೀಗೆ ರಸ್ತೆ ತಡೆದಾಗ, ಇಲ್ಲವೇ ಸತ್ತಾಗ. 2013ರಲ್ಲಿ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ಮೇಲೆ, ಅಂಗಿಯ ಒಳಗಿನ ಪಟ್ಟಿಯಲ್ಲಿ ದೇಶದ ಹೆಸರನ್ನು ಜಗತ್ತು ಓದತೊಡಗಿತು.

ತೊಗಲು ಎಲ್ಲಿಂದ ತರುವುದು

ಮತ್ತೆ ಅಥಣಿಗೆ ಬರೋಣ. ಅಲ್ಲಿನ ಕಸುಬಿಗೆ ಕುತ್ತು ತಂದದ್ದು ಪ್ರಾಡಾ ಅಲ್ಲ. ರೆಕ್ಸಿನ್‌ನಲ್ಲಿ ಯಂತ್ರ ಹೊಡೆದ ‘ಕೊಲ್ಹಾಪುರಿ’ ಎಲ್ಲ ಪೇಟೆಗಳಲ್ಲೂ ಅಗ್ಗಕ್ಕೆ ಸಿಗುತ್ತದೆ. ಜಿಐ ಕಾಯ್ದೆ ನಿಜವಾಗಿ ಹಿಡಿಯಬೇಕಾದ್ದು ಅದನ್ನು. ಹೆಸರು ಬಳಸಿ ಮೋಸ ಮಾಡುತ್ತಿರುವುದು ಅವರು. ಮಿಲಾನಿನ ಮೇಲೆ ತೋರಿಸಿದ ಸಿಟ್ಟಿನಲ್ಲಿ ಕಾಲು ಭಾಗ ಈ ನಕಲಿಯ ಮೇಲೆ ತೋರಿಸಿದ್ದರೂ ಸಾಕಿತ್ತು.

ತೊಗಲಿನ ಕೊರತೆ ಇನ್ನೊಂದು. ಮಹಾರಾಷ್ಟ್ರ 2015ರಲ್ಲಿ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿತು. ಕರ್ನಾಟಕದ ಕಾಯ್ದೆ 2020ರದು. ಅದರಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ವಿನಾಯಿತಿ ಇದೆ. ಕಾಗದದ ಮೇಲೆ ವಿನಾಯಿತಿ ಇದ್ದರೂ ತೊಗಲು ತುಂಬಿದ ಗಾಡಿ ಓಡಿಸಲು ಜನ ಹೆದರುತ್ತಾರೆ. ಸಂಸ್ಕೃತಿ ಉಳಿಸಿ ಎನ್ನುವವರೇ ಆ ಸಂಸ್ಕೃತಿಗೆ ಬೇಕಾದ ಕಚ್ಚಾ ಮಾಲಿನ ದಾರಿಗೆ ಅಡ್ಡ ನಿಂತರೆ ಕಸುಬು ಉಳಿಯುವುದು ಹೇಗೆ? ಈ ಪ್ರಶ್ನೆ ಕೇಳಲು ಎರಡೂ ರಾಜ್ಯದ ರಾಜಕಾರಣಿಗಳಿಗೆ ಧೈರ್ಯ ಬರಲಿಲ್ಲ.

ಹೊಸ ತಲೆಮಾರು ಈ ಕಸುಬು ಬಿಡುತ್ತಿದೆ. ಅದಕ್ಕೆ ಕಣ್ಣೀರು ಹಾಕುವವರಲ್ಲಿ ನಾನಿಲ್ಲ. ಜಾತಿಯ ಕಾರಣಕ್ಕೆ ತಲೆಗೆ ಕಟ್ಟಿದ ಕೆಲಸ ಬಿಟ್ಟು ಮಗ ಡಿಪ್ಲೊಮಾ ಮಾಡಿ ಪುಣೆಗೆ ಹೋದರೆ ಒಳ್ಳೆಯದೇ. ಕಸುಬು ಉಳಿಯಬೇಕಾದರೆ ಅದು ಯಾರಾದರೂ ಇಷ್ಟಪಟ್ಟು ಆರಿಸಿಕೊಳ್ಳುವ ಕೆಲಸವಾಗಬೇಕು. ಅದಕ್ಕೆ ಒಳ್ಳೆಯ ಕೂಲಿ ಬೇಕು, ಮರ್ಯಾದೆ ಬೇಕು. ಅಥಣಿಯಲ್ಲಿ ‘ಟೋಹೋಲ್ಡ್’ ಎಂಬ ಬ್ರ್ಯಾಂಡ್ ಕಟ್ಟಿ, ಸಮಗಾರ ಹೆಂಗಸರ ಗುಂಪುಗಳೇ ಹೊರದೇಶಕ್ಕೆ ಚಪ್ಪಲಿ ಮಾರಿದ ಉದಾಹರಣೆ ಇಪ್ಪತ್ತೈದು ವರ್ಷದ ಹಿಂದೆಯೇ ಶುರುವಾಗಿದೆ. ಹೆಸರನ್ನು ತಾವೇ ಇಟ್ಟುಕೊಳ್ಳಬಹುದು ಎಂದು ಅವರಿಗೆ ಯಾರೂ ಮಿಲಾನಿನಿಂದ ಬಂದು ಹೇಳಿಕೊಡಬೇಕಾಗಿರಲಿಲ್ಲ. ಲಿಡ್ಕರ್ ಕೂಡ 2023ರಲ್ಲಿ ನಟ ಡಾಲಿ ಧನಂಜಯ ಅವರನ್ನು ರಾಯಭಾರಿ ಮಾಡಿಕೊಂಡಿತು. ಮುಖ ಸಿಕ್ಕಿತು. ಅಂಗಡಿಗಳ ರೂಪ, ಅಳತೆಗೆ ಸರಿಯಾಗಿ ಸಿಗುವ ಜೊತೆ, ಆನ್‌ಲೈನ್ ಮಾರಾಟ ಇವುಗಳಲ್ಲಿ ಇನ್ನೂ ದೂರ ಹೋಗಬೇಕು.

ಸದ್ಯಕ್ಕೆ ಕೇಳಬೇಕಾದ ಪ್ರಶ್ನೆಗಳು ಚಿಕ್ಕವು. 800 ಯೂರೊದಲ್ಲಿ ಹೊಲಿದವರಿಗೆ ಜೊತೆಗೆ ಎಷ್ಟು ಸಿಗುತ್ತದೆ? ಹದ ಮಾಡಿದವರಿಗೆ ಎಷ್ಟು? 2,000ದಲ್ಲಿ ಕರ್ನಾಟಕದ ಪಾಲು ಎಷ್ಟು ಜೊತೆ? ಅಟ್ಟೆಯ ಮೇಲೆ ಊರಿನ ಹೆಸರು ಬೀಳುತ್ತದಾ? ಮೂರು ವರ್ಷ ಮುಗಿದ ಮೇಲೆ ಕಲಿತವರು ತಮ್ಮದೇ ಹೆಸರಲ್ಲಿ ಅದೇ ಮಾದರಿ ಮಾಡಿ ಮಾರಬಹುದಾ, ಇಲ್ಲ ಒಪ್ಪಂದದಲ್ಲಿ ಅದಕ್ಕೂ ತಡೆ ಇದೆಯಾ? ಲಿಡ್ಕರ್ ಸರ್ಕಾರಿ ನಿಗಮ, ಮಾಹಿತಿ ಹಕ್ಕು ಕಾಯ್ದೆಯ ಒಳಗೆ ಬರುತ್ತದೆ. ವ್ಯಾಪಾರದ ಗುಟ್ಟು ಎಂದು ಅವರು ಜಾರಿಕೊಳ್ಳಲು ನೋಡಬಹುದು. ಆದರೆ ಸಾರ್ವಜನಿಕ ಹಿತ ದೊಡ್ಡದಿದ್ದರೆ ಅಂಥ ಮಾಹಿತಿಯನ್ನೂ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಅರ್ಜಿಯ ಶುಲ್ಕ 10 ರೂಪಾಯಿ.